ಕಡಲಿದೆ, ದೋಣಿಯಿಲ್ಲ

ಪ್ರೀತಿಯ ಗಣೇಶ,

ಮಾಲ್ಟಾದ ಕಡಲಂಚಿನ ಹಳ್ಳಿಯಲ್ಲಿ ಮನೆ ಮಾಡಿದ್ದೇನೆ ಎಂದದ್ದಕ್ಕೆ ನೀನು ಮೊದಲು ಕೇಳಿದ್ದು ಮೀನಿನ ದರ. ಕುಂದಾಪುರದವನು ಬೇರೇನು ಕೇಳಿಯಾನು! ಆದರೆ ನನ್ನ ಈ ಹಳ್ಳಿ ಡಿಂಗ್ಲಿಯಲ್ಲಿ ಬಲೆ ಒಣಹಾಕುವ ಅಂಗಳವಿಲ್ಲ, ದೋಣಿ ಎಳೆದಿಡುವ ದಂಡೆಯಿಲ್ಲ. ಊರು ದಾಟಿ ಸ್ವಲ್ಪ ನಡೆದರೆ ನೆಲವೇ ಮುಗಿದುಹೋಗುತ್ತದೆ. ಸುಮಾರು 250 ಮೀಟರ್ ಕೆಳಗೆ ಮೆಡಿಟರೇನಿಯನ್. ಇಡೀ ದೇಶದ ಅತಿ ಎತ್ತರದ ಜಾಗವೂ ಈ ಅಂಚಿನಲ್ಲೇ ಇದೆ.

ಹಾಗಾಗಿ ಇದು ರೈತರ ಊರು, ಮಾರಾಯ. ಮೀನು ಬೇಕಾದವರು ಮಾರ್ಸಶ್ಲೊಕ್‌ನ ಭಾನುವಾರದ ಸಂತೆಗೆ ಹೋಗಬೇಕು. ಮೂತಿಗೆ ಕಣ್ಣು ಬರೆದ ಬಣ್ಣದ ದೋಣಿಗಳಿರುವುದೂ ಅಲ್ಲಿಯೇ. ಇಲ್ಲಿಯವರು ಕಡಲಿಗೆ ಬೆನ್ನು ಹಾಕಿ ಮಣ್ಣು ನೋಡುತ್ತಾರೆ. ಆ ಮಣ್ಣೂ ಎಷ್ಟು? ಕಡಿದಾದ ಬಂಡೆಯ ಕೆಳಗೆ ಸಿಕ್ಕ ಇಳಿಜಾರಿನಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿದ್ದಾರೆ. ದೇಶದಲ್ಲಿ ಒಂದೂ ಹೊಳೆಯಿಲ್ಲ, ಮಳೆ ಬರುವುದು ಚಳಿಗಾಲದಲ್ಲಿ. ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಗೋಡೆಗಳು ಹೆಚ್ಚಿನ ನೀರನ್ನು ಸಂದಿಯಿಂದ ಬಿಟ್ಟು ಮಣ್ಣನ್ನು ಹಿಡಿದಿಡುತ್ತವೆ. ಈ ಜಾಣ್ಮೆಯ ಮುಂದೆ ಅರಮನೆಗಳು ನನಗೆ ಸಪ್ಪೆ. ಗೋಡೆಗಳ ಬದಿಗೆ ಪಾಪಸುಕಳ್ಳಿ. ಅದರ ಹಣ್ಣನ್ನು ಇಲ್ಲಿ ಮುಳ್ಳು ತೆಗೆದು ತಿನ್ನುತ್ತಾರೆ.

ಅಂಚಿನಲ್ಲಿ 1646ರ ಪುಟ್ಟ ಪ್ರಾರ್ಥನಾಮಂದಿರವೊಂದಿದೆ, ಮೇರಿ ಮ್ಯಾಗ್ಡಲೀನಳದು. ಅಲ್ಲಿಂದ ನೋಡಿದರೆ ಕಡಲಿನಲ್ಲಿ ಫಿಲ್ಫ್ಲಾ ಎಂಬ ಬೋಳು ನಡುಗಡ್ಡೆ. ಬ್ರಿಟಿಷರ ಯುದ್ಧನೌಕೆಗಳು ಗುರಿ ಅಭ್ಯಾಸಕ್ಕೆ ಅದಕ್ಕೇ ಗುಂಡು ಹೊಡೆಯುತ್ತಿದ್ದವು, 1971ರವರೆಗೂ! ಈಗ ಅದು ಕಡಲಹಕ್ಕಿಗಳ ರಕ್ಷಿತ ತಾಣ.

ಊರಿನ ಹೊರಗಿನ ಬಂಡೆಹಾಸಿನ ಮೇಲೆ ಗಾಡಿ ಜಾಡಿನಂತಹ ಜೋಡಿ ಗೀರುಗಳು ಒಂದನ್ನೊಂದು ಹಾದುಹೋಗುತ್ತವೆ. ಲಂಡನ್ನಿನ ರೈಲು ಜಂಕ್ಷನ್ ನೆನಪಾಗಿ ಇಂಗ್ಲಿಷರು ಅದಕ್ಕೆ ‘ಕ್ಲ್ಯಾಪಮ್ ಜಂಕ್ಷನ್’ ಎಂದು ಹೆಸರಿಟ್ಟರು. ಎಷ್ಟು ಹಳೆಯದು, ಯಾಕಾಗಿ ಮೂಡಿತು ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಪಕ್ಕದ ದೊಡ್ಡ ಗುಹೆಯಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಸಂಸಾರಗಳಿದ್ದವು. ಆಗ ಮಾಲ್ಟಾವನ್ನು ಆಳುತ್ತಿದ್ದ ಬ್ರಿಟಿಷ್ ಸರ್ಕಾರ 1835ರಲ್ಲಿ ಅವರನ್ನು ಎಬ್ಬಿಸಿತು.

ನನಗೆ ಹಿಡಿಸದ್ದು ಹಕ್ಕಿಬೇಟೆ. ವಸಂತದ ಬೇಟೆಯನ್ನು ನಿಲ್ಲಿಸಬೇಕೇ ಎಂದು 2015ರಲ್ಲಿ ಜನಮತಗಣನೆಯೇ ನಡೆದು, ಕೂದಲೆಳೆಯ ಅಂತರದಲ್ಲಿ ಬೇಟೆಗಾರರು ಗೆದ್ದರು. ಈ ವಿಷಯ ಚಹಾದಂಗಡಿಯಲ್ಲಿ ಎತ್ತದಿರುವುದು ಕ್ಷೇಮ.

ಊರಿನ ಇಗರ್ಜಿ ಮರಿಯಮ್ಮನ ಸ್ವರ್ಗಾರೋಹಣದ್ದು. ದೇಶಕ್ಕೆಲ್ಲ ಆ ಹಬ್ಬ ಆಗಸ್ಟ್ 15ಕ್ಕೆ. ನಮ್ಮ ಧ್ವಜಾರೋಹಣದ ದಿನ ಮಾಲ್ಟಾದಲ್ಲಿ ಬ್ಯಾಂಡು, ಸಿಡಿಮದ್ದು! 1942ರಲ್ಲಿ ಬಾಂಬ್ ದಾಳಿಗೆ ಸಿಕ್ಕಿ ಹಸಿದಿದ್ದ ದ್ವೀಪಕ್ಕೆ ಇಂಧನ ತಂದ ‘ಒಹಾಯೊ’ ಹಡಗು ಬಂದರು ಸೇರಿದ್ದೂ ಅದೇ ದಿನ. ಹಾಗಾಗಿ ಇಲ್ಲಿಯ ಹಿರಿಯರಿಗೆ ಆ ಹಬ್ಬದ ಮಾತು ಬಂದರೆ ಯುದ್ಧದ ಮಾತೂ ಬರುತ್ತದೆ.

ಹಬ್ಬ ನೋಡುವ ಆಸೆಯಿದ್ದರೆ ಸೆಖೆ ತಡೆದುಕೊಳ್ಳಬೇಕು. ನನ್ನನ್ನು ಕೇಳಿದರೆ ಫೆಬ್ರುವರಿಯಲ್ಲಿ ಬಾ. ಹೊಲಗಳು ಹಸಿರಾಗಿರುತ್ತವೆ, ರಾಜಧಾನಿ ವಲೆಟ್ಟಾದಿಂದ ಬಸ್ಸಿದೆ. ಒಳ್ಳೆಯ ಬೂಟು ತಾ, ಟೋಪಿ ಬೇಡ. ಇಲ್ಲಿಯ ಗಾಳಿಗೆ ನಿಲ್ಲುವುದಿಲ್ಲ.

ನಿನ್ನ,
ಸುರೇಶ