ವಾಂಚಾಕೊ ಕಡಲ ದಡದಿಂದ

ವಾಂಚಾಕೊ, ಪೆರು

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಆರಾಮಾಗಿದ್ದೇನೆ. ಲೀಮಾದಿಂದ ರಾತ್ರಿ ಬಸ್ಸು ಹತ್ತಿ ಉತ್ತರಕ್ಕೆ ಬಂದೆ. ಬೆಳಕಾದಾಗ ಕಿಟಕಿಯಾಚೆ ಬರೀ ಮರಳು. ಪಕ್ಕದಲ್ಲೇ ಕಡಲು, ಆದರೆ ಮಳೆ ಇಲ್ಲ! ತೀರದುದ್ದಕ್ಕೂ ಹಂಬೋಲ್ಟ್ ಅನ್ನುವ ತಣ್ಣನೆಯ ಕಡಲ ಪ್ರವಾಹ ಹರಿಯುತ್ತದೆ. ಅದರಿಂದ ಮಂಜು ಕವಿಯುತ್ತದೆ, ಮಳೆ ಸುರಿಯುವುದಿಲ್ಲ. ಮೀನು ಜಾಸ್ತಿ ಇರುವುದೂ ಆ ತಣ್ಣೀರಿನಿಂದಲೇ. ಜೂನ್ ತಿಂಗಳ ಮಲ್ಪೆ ಕಂಡ ನಮಗೆ ನಂಬುವುದೇ ಕಷ್ಟ ಅಲ್ವಾ?

ಅಪ್ಪ, ನಿಮಗೆ ಹೇಳಲೇಬೇಕಾದದ್ದು ಇಲ್ಲಿನ ದೋಣಿಗಳ ವಿಷಯ. ಮರವೂ ಅಲ್ಲ, ಫೈಬರೂ ಅಲ್ಲ, ಬರೀ ಜೊಂಡು. ತೊತೊರಾ ಅನ್ನುವ ಈ ಜೊಂಡನ್ನು ಕಡಲ ಪಕ್ಕದ ಹೊಂಡಗಳಲ್ಲಿ ಮೀನುಗಾರರೇ ಬೆಳೆಸುತ್ತಾರೆ. ಕೊಯ್ದು, ಒಣಗಿಸಿ, ಕಟ್ಟು ಕಟ್ಟಿ ಬಿಗಿಯುತ್ತಾರೆ. ಮೂತಿ ಮೇಲಕ್ಕೆ ಬಾಗಿರುತ್ತದೆ. ಹಿಂದೆ ಬಲೆ, ಮೀನು ಇಡಲು ಒಂದು ಗುಳಿ. ಒಬ್ಬನೇ ಕೂತು, ಸೀಳಿದ ಬಿದಿರಿನ ಹುಟ್ಟು ಹಾಕುತ್ತಾ ಅಲೆ ದಾಟುತ್ತಾನೆ. ವಾಪಸ್ ಬರುವಾಗ ಅಲೆಯ ಮೇಲೆಯೇ ಜಾರಿಕೊಂಡು ದಡ ಸೇರುತ್ತಾನೆ. ಜೊಂಡು ನೀರು ಕುಡಿಯುತ್ತದಲ್ಲ, ಅದಕ್ಕೆ ದೋಣಿಯನ್ನು ದಡದಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸುತ್ತಾರೆ. ಇಷ್ಟೆಲ್ಲ ಮಾಡಿದರೂ ಕೆಲವು ವಾರಗಳ ಬಾಳಿಕೆ ಅಷ್ಟೇ. ಮತ್ತೆ ಹೊಸದು ಕಟ್ಟಬೇಕು. ಹಿಂದೆ ಈ ತೀರದಲ್ಲಿ ಬಾಳಿದ ಮೋಚೆ ಜನರ, ಸಾವಿರ ವರ್ಷಕ್ಕೂ ಹಳೆಯ ಮಡಕೆಗಳ ಮೇಲೂ ಇಂಥವೇ ದೋಣಿಗಳಿವೆ! ಈಗ ಕಡಲು ದಡವನ್ನು ಕೊರೆಯುತ್ತಿದೆ, ಜೊಂಡಿನ ಹೊಂಡಗಳಿಗೂ ಅಪಾಯ ಬಂದಿದೆ. ಈ ಕೆಲಸ ನಿಂತುಹೋಗಬಾರದು ಅಂತ ಮನಸ್ಸು ತುಂಬಾ ಬಯಸುತ್ತದೆ.

ಅಮ್ಮ, ಇಲ್ಲಿ ಮೀನನ್ನು ಒಲೆಗೇ ಇಡದೆ ತಿನ್ನುತ್ತಾರೆ. ಬೈಯಬೇಡ! ತಾಜಾ ಮೀನಿನ ತುಂಡುಗಳಿಗೆ ನಿಂಬೆರಸ, ಉಪ್ಪು, ಮೆಣಸಿನಕಾಯಿ, ಈರುಳ್ಳಿ. ಹುಳಿಗೆ ಮೀನು ಬೆಳ್ಳಗಾಗಿ ಗಟ್ಟಿಯಾಗುತ್ತದೆ. ಜೊತೆಗೆ ಬೇಯಿಸಿದ ಗೆಣಸು, ಹುರಿದ ಮೆಕ್ಕೆಜೋಳ. ಇದೇ ಸೆವಿಚೆ. 2023ರಲ್ಲಿ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿದೆ. ನಿನಗೆ ಖಂಡಿತ ಹಿಡಿಸುವುದು ಚಿಚಾ ಮೊರಾದಾ. ನೇರಳೆ ಬಣ್ಣದ ಮೆಕ್ಕೆಜೋಳವನ್ನು ಅನಾನಸ್ ಸಿಪ್ಪೆ, ಚಕ್ಕೆ, ಲವಂಗದ ಜೊತೆ ಕುದಿಸಿ, ಸೋಸಿ, ಸಕ್ಕರೆ, ನಿಂಬೆ ಹಾಕಿ ತಣ್ಣಗೆ ಕುಡಿಯುತ್ತಾರೆ.

ಚಾನ್ ಚಾನ್‌ಗೂ ಹೋಗಿದ್ದೆ. ಹಿಂದೆ ಈ ತೀರವನ್ನು ಆಳಿದ ಚಿಮು ಅರಸರು ಹಸಿ ಇಟ್ಟಿಗೆಯಲ್ಲಿ ಕಟ್ಟಿದ ರಾಜಧಾನಿ ಅದು. ಗೋಡೆಗಳ ತುಂಬಾ ಮೀನು, ಹಕ್ಕಿ, ಬಲೆಯ ಕಣ್ಣುಗಳ ಕೆತ್ತನೆ. ಕಡಲ ನೀರು ಬಿಸಿಯಾಗುವ ಎಲ್ ನಿನ್ಯೊ ವರ್ಷಗಳಲ್ಲಿ ಮಾತ್ರ ಇಲ್ಲೂ ಜೋರು ಮಳೆ, ಆಗ ಮಣ್ಣು ಕರಗುತ್ತದೆ. ಅದಕ್ಕೇ ಕೆಲವು ಗೋಡೆಗಳಿಗೆ ಮಾಡು ಹಾಕಿದ್ದಾರೆ.

ಅಪ್ಪ, ದೋಣಿ ಕಟ್ಟುವ ವಿಡಿಯೊ ಕಳಿಸಿದ್ದೇನೆ. ಹಗ್ಗ ಬಿಗಿಯುವ ಭಾಗ ನಿಧಾನವಾಗಿ ನೋಡಿ. ನಮ್ಮಲ್ಲಿ ಹಾಕುವ ಗಂಟೇನಾ ಅದು? ಭಾನುವಾರ ಫೋನ್ ಮಾಡಿದಾಗ ಹೇಳಿ.

ಇಂತಿ,
ನಿಮ್ಮ ಪ್ರೀತಿಯ ಮಗಳು