ಊತ ಇಳಿದ ಮಾತ್ರಕ್ಕೆ ಮಕ್ಕಳನ್ನು ಆಟಕ್ಕೆ ಇಳಿಸಬೇಡಿ

ಮಾನ್ಯ ಸಂಪಾದಕರೇ,

ಶಾಲಾ ಕ್ರೀಡಾಕೂಟಗಳ ಕಾಲ ಬಂತು. ಹೋಬಳಿ ಮಟ್ಟ ಮುಗಿಯುತ್ತಿದ್ದಂತೆ ತಾಲ್ಲೂಕು, ಅದಾದ ಮೇಲೆ ಜಿಲ್ಲೆ. ಮಧ್ಯೆ ಸಿಗುವುದು ವಾರವೋ ಹದಿನೈದು ದಿನವೋ, ಅಷ್ಟೇ. ಅಷ್ಟರೊಳಗೆ ಕಾಲು ಉಳುಕಿದ ಮಕ್ಕಳಿಗೆ ಎಣ್ಣೆ ಹಚ್ಚಿ ನೀವಿ, ಬ್ಯಾಂಡೇಜ್ ಸುತ್ತಿ, ನೋವಿನ ಸ್ಪ್ರೇ ಹೊಡೆದು ಮತ್ತೆ ಅಂಕಣಕ್ಕೆ ಇಳಿಸುತ್ತಾರೆ. ದೈಹಿಕ ಶಿಕ್ಷಕನಾಗಿ ಪ್ರತಿ ವರ್ಷ ಇದನ್ನು ನೋಡಿ ಸಂಕಟವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಸಲ ದಾವಣಗೆರೆಯಲ್ಲಿ ನಡೆದ ಒಂದು ಕಬಡ್ಡಿ ಪಂದ್ಯದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ರೈಡ್‌ಗೆ ಹೋಗಿ ವಾಪಸ್ ತಿರುಗುವಾಗ ಪಾದ ಒಳಗಡೆ ಮಡಚಿಕೊಂಡಿತು. ನೋಡನೋಡುತ್ತಲೇ ಹರಡಿನ ಕೆಳಗೆ ನಿಂಬೆಹಣ್ಣಿನ ಗಾತ್ರ ಊದಿತು. ಅವರಪ್ಪ ಓಡಿ ಬಂದವರು, 'ಏನಾಗಲ್ಲ ಬಿಡ್ರಿ ಸರ, ರಾತ್ರಿ ಬಿಸಿ ಎಣ್ಣೆ ಹಚ್ಚಿ ನೀವಿದ್ರೆ ಬೆಳಗ್ಗೆ ಎದ್ದು ಓಡ್ತಾಳೆ' ಅಂದರು. ಮಗಳ ಮೇಲಿನ ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಕೀಲಿನ ಎರಡು ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟ್, ಹರಿದಾಗ ಒಳಗೆ ರಕ್ತ ಸೋರುತ್ತಿರುತ್ತದೆ. ಆ ಹೊತ್ತಿನಲ್ಲಿ ಬಿಸಿ ಮಾಡಿ ಗಟ್ಟಿಯಾಗಿ ನೀವಿದರೆ ಸೋರುವುದು ಇನ್ನೂ ಜಾಸ್ತಿಯಾಗುತ್ತದೆ, ಊತವೂ ಏರುತ್ತದೆ. ಮೊದಲ ಎರಡು ಮೂರು ದಿನ ಎಣ್ಣೆ, ಬಿಸಿ ಶಾಖ, ನೀವುವುದು ಯಾವುದೂ ಬೇಡ.

ಆ ದಿನಗಳಲ್ಲಿ ಮಾಡಬೇಕಾದ್ದು ಕಷ್ಟದ್ದೇನಲ್ಲ. ಆಟ ನಿಲ್ಲಿಸಬೇಕು. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡಬೇಕು. ಕ್ರೇಪ್ ಬ್ಯಾಂಡೇಜ್ ಸುತ್ತಬೇಕು, ಆದರೆ ಬೆರಳು ಜೋಮು ಹಿಡಿದರೆ ಅಥವಾ ನೀಲಿಯಾದರೆ ತಕ್ಷಣ ಬಿಚ್ಚಬೇಕು. ಐಸ್ ಇಟ್ಟರೆ ನೋವು ಕಡಿಮೆಯಾಗುತ್ತದೆ, ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಸಾಕು, ಬರಿ ಚರ್ಮದ ಮೇಲೆ ಇಡಬಾರದು. ಹಾಗಂತ ವಾರಗಟ್ಟಲೆ ಐಸ್ ಇಟ್ಟುಕೊಂಡು ಮಲಗುವುದೂ ಸರಿಯಲ್ಲ. 1978ರಲ್ಲಿ 'ವಿಶ್ರಾಂತಿ, ಐಸ್, ಬ್ಯಾಂಡೇಜ್, ಎತ್ತರ' ಎಂಬ ಸೂತ್ರ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ಆಮೇಲೆ ತಮ್ಮ ಮಾತು ತಿದ್ದಿಕೊಂಡರು. ಜಾಸ್ತಿ ಐಸ್ ಮತ್ತು ಪೂರ್ತಿ ವಿಶ್ರಾಂತಿ ಎರಡೂ ವಾಸಿಯಾಗುವುದನ್ನು ತಡ ಮಾಡಬಹುದು ಎಂದರು. ನೋವು ತಡೆಯುವಷ್ಟಾದ ಮೇಲೆ ನಿಧಾನವಾಗಿ ಪಾದ ಆಡಿಸಲು, ಊರಿ ನಡೆಯಲು ಶುರು ಮಾಡಬೇಕು.

ಎಕ್ಸ್‌ರೇ ಬೇಕೋ ಬೇಡವೋ ಎಂದು ನೋಡಲು ವೈದ್ಯರು ಬಳಸುವ ಒಂದು ಸುಲಭ ಲೆಕ್ಕ ಇದೆ. ಪೆಟ್ಟಾದವರಿಗೆ ನಾಲ್ಕು ಹೆಜ್ಜೆ ಊರಿ ನಡೆಯಲು ಆಗದಿದ್ದರೆ, ಅಥವಾ ಹರಡಿನ ಮೂಳೆಯ ಮೇಲೇ ಒತ್ತಿದಾಗ ನೋವಾದರೆ, ಎಕ್ಸ್‌ರೇ ಬೇಕು. ಬೆಳೆಯುವ ಮಕ್ಕಳ ವಿಷಯದಲ್ಲಂತೂ ಇನ್ನೂ ಹುಷಾರಾಗಿರಬೇಕು. ಅವರ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಮೆದು ಭಾಗ ಇರುತ್ತದೆ, ಅದು ಲಿಗಮೆಂಟ್‌ಗಿಂತ ಬೇಗ ಪೆಟ್ಟು ತಿನ್ನುತ್ತದೆ, ಹೊರಗಿನಿಂದ ಬರೀ ಉಳುಕಿನ ಹಾಗೇ ಕಾಣುತ್ತದೆ. ಮಂಡಿಯಲ್ಲಿ ಟಕ್ ಎಂದು ಸದ್ದಾಗಿ ಒಂದೆರಡು ಗಂಟೆಯಲ್ಲಿ ಊದಿಕೊಂಡರೆ ಕಾಯುವುದೇ ಬೇಡ. ಇಂಥದ್ದಕ್ಕೆ ಉಳುಕು ತೆಗೆಯುವವರ ಹತ್ತಿರ ಹೋಗುವ ಬದಲು ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ, ಹತ್ತಿರದ ಮೂಳೆ ವೈದ್ಯರ ಬಳಿಗೋ ಕರೆದುಕೊಂಡು ಹೋಗಿ.

ನಾನು ಮುಖ್ಯವಾಗಿ ಹೇಳಬೇಕಾದ್ದು ಇದು. ನೋವು, ಊತ ಎಂಟ್ಹತ್ತು ದಿನದಲ್ಲಿ ಹೋಗಬಹುದು, ಆದರೆ ಹರಿದ ಲಿಗಮೆಂಟ್ ಗಟ್ಟಿಯಾಗಲು ಹಲವು ವಾರ, ಕೆಲವೊಮ್ಮೆ ತಿಂಗಳುಗಳೇ ಬೇಕು. ಪಾದ ಯಾವ ಕಡೆ ವಾಲುತ್ತಿದೆ ಎಂದು ಮೆದುಳಿಗೆ ತಿಳಿಸುವ ನರಗಳಿಗೂ ಪೆಟ್ಟಾಗಿರುತ್ತದೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದು ಇದಕ್ಕೇ. ಪರೀಕ್ಷೆ ಮಾಡಬೇಕಾ? ಮಗುವನ್ನು ಪೆಟ್ಟಾದ ಕಾಲಿನ ಮೇಲೆ ಬರಿಗಾಲಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಲು ಹೇಳಿ. ವಾಸಿಯಾಗದ ಕಾಲಾದರೆ ಹರಡು ಗಡಗಡ ಅಲುಗುತ್ತದೆ, ಬೆರಳುಗಳು ನೆಲ ಕಚ್ಚಿ ಹಿಡಿಯುತ್ತವೆ, ಇನ್ನೊಂದು ಕಾಲು ಬೇಗ ಕೆಳಗೆ ಬರುತ್ತದೆ. ಅದೇ ಈಗ ಅಭ್ಯಾಸವೂ ಹೌದು. ಗೋಡೆಯ ಪಕ್ಕ ದಿನಾ ಹೀಗೆ ನಿಲ್ಲಿಸಿ, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸಲು ಕಲಿಸಿ. ಆಮೇಲೆ ನೇರ ಓಟ, ಅದು ಸಲೀಸಾದ ಮೇಲೆ ತಿರುವಿನ ಓಟ, ಕೊನೆಗೆ ಒಂಟಿ ಕಾಲಿನ ಕುಪ್ಪಳಿಕೆ. ಎರಡೂ ಕಾಲು ಒಂದೇ ಸಮ ಕುಪ್ಪಳಿಸಿದರೆ ಆಟಕ್ಕೆ ಬಿಡಬಹುದು.

ನಮ್ಮ ಕೆ.ಎಲ್. ರಾಹುಲ್ ಅವರನ್ನೇ ನೋಡಿ. 2023ರ ಮೇ 1ರಂದು ಐಪಿಎಲ್ ಪಂದ್ಯದಲ್ಲಿ ತೊಡೆಗೆ ಪೆಟ್ಟಾಯಿತು, ಶಸ್ತ್ರಚಿಕಿತ್ಸೆಯಾಯಿತು. ಏಷ್ಯಾ ಕಪ್ ತಂಡಕ್ಕೆ ಆಯ್ಕೆಯಾದ ಮೇಲೂ ಸಣ್ಣ ನೋವಿದೆ ಎಂದು ಮೊದಲ ಎರಡು ಪಂದ್ಯ ಆಡಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಎದುರು ಇಳಿದವರು ಔಟಾಗದೆ 111 ಹೊಡೆದರು. ದೇಶದ ಆಟಗಾರನಿಗೇ ಕಾಯುತ್ತಾರೆ, ನಮ್ಮ ಹಳ್ಳಿ ಹುಡುಗಿಗೆ ಒಂದು ಟ್ರೋಫಿಗಾಗಿ ಅವಸರ ಯಾಕೆ?

ಕಬಡ್ಡಿ ತಂಡದಲ್ಲಿ 12 ಜನ ಇರುತ್ತಾರೆ, ಅಂಕಣದಲ್ಲಿ 7. ಉಳಿದ ಐವರು ಇಂಥ ಹೊತ್ತಿಗೇ ಅಲ್ವಾ ಇರೋದು? ಅವರನ್ನು ಇಳಿಸಿ. ಮಾತ್ರೆ ಕೊಟ್ಟು, ಸ್ಪ್ರೇ ಹೊಡೆದು ನೋವು ಮರೆಸಿ ಆಡಿಸಬೇಡಿ.

ಶಿಕ್ಷಣ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ. ಹೋಬಳಿ ಮಟ್ಟದಿಂದಲೇ ಪ್ರತಿ ಕ್ರೀಡಾಕೂಟದಲ್ಲಿ ಒಂದು ಐಸ್ ಡಬ್ಬಿ, ಕ್ರೇಪ್ ಬ್ಯಾಂಡೇಜ್, ಪ್ರಥಮ ಚಿಕಿತ್ಸೆ ಗೊತ್ತಿರುವ ಒಬ್ಬರು ಇರಲಿ. ಹಿಂದಿನ ದಿನ ಅಂಕಣದ ಕಲ್ಲು ಹೆಕ್ಕಿಸಿ, ಗುಂಡಿ ಮುಚ್ಚಿಸಲಿ. ಪಂದ್ಯಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳಲು ಸಮಯ ಕೊಡಲಿ. ಬೆಳಗ್ಗೆಯಿಂದ ಬಿಸಿಲಲ್ಲಿ ಕೂತಿದ್ದ ಮಕ್ಕಳನ್ನು ಮೈಕಿನಲ್ಲಿ ಹೆಸರು ಕೂಗಿ ಎರಡೇ ನಿಮಿಷದಲ್ಲಿ ಆಟಕ್ಕೆ ಇಳಿಸುವುದು ನಿಲ್ಲಬೇಕು. ಮತ್ತೆ, ಗಾಯಗೊಂಡ ಮಗುವನ್ನು ಆಡಿಸುವುದಿಲ್ಲ ಎಂದು ದೈಹಿಕ ಶಿಕ್ಷಕರು ಹೇಳಿದರೆ ಮುಖ್ಯ ಶಿಕ್ಷಕರೂ ಪೋಷಕರೂ ಅವರ ಮೇಲೆ ಒತ್ತಡ ಹಾಕಬಾರದು ಎಂದು ಒಂದು ಸುತ್ತೋಲೆ ಹೊರಡಿಸಲಿ. ತಾಲ್ಲೂಕು ಮಟ್ಟದ ಪಂದ್ಯಗಳು ಶುರುವಾಗುವ ಮೊದಲೇ ಅದು ಶಾಲೆಗಳಿಗೆ ತಲುಪಿದರೆ ಒಳ್ಳೆಯದು.

– ಒಬ್ಬ ದೈಹಿಕ ಶಿಕ್ಷಕ, ದಾವಣಗೆರೆ