ಹಸ್ತಪ್ರತಿ ಕಳಿಸಿದ ಮೇಲೆ ಏನಾಗುತ್ತದೆ

ಸದಸ್ಯರೆಲ್ಲರ ಗಮನಕ್ಕೆ,

ಪ್ರಬಂಧ ಕಳಿಸಿ ವಾರ ಕಳೆಯುವುದರೊಳಗೆ ‘ಏನಾಯಿತು’ ಎಂದು ಇಲ್ಲಿ ಕೇಳುವವರು ಹೆಚ್ಚಾಗಿರುವುದರಿಂದ ಈ ಸೂಚನೆ. ವೈದ್ಯಕೀಯ ಪತ್ರಿಕೆಗೆ ಬಂದ ಹಸ್ತಪ್ರತಿಯನ್ನು ಮೊದಲು ಸಂಪಾದಕರೇ ನೋಡುತ್ತಾರೆ. ನೈತಿಕ ಸಮಿತಿಯ ಅನುಮತಿ, ಚಿಕಿತ್ಸಾ ಪ್ರಯೋಗವಾಗಿದ್ದರೆ ಸಿಟಿಆರ್‌ಐ ಎಂಬ ಭಾರತದ ಚಿಕಿತ್ಸಾ ಪ್ರಯೋಗಗಳ ದಾಖಲೆಯಲ್ಲಿ ನೋಂದಣಿ (ನಮ್ಮಲ್ಲಿ 2009ರ ಜೂನ್ 15ರಿಂದ ಕಡ್ಡಾಯ) ಇಲ್ಲದಿದ್ದರೆ ಅಲ್ಲಿಂದಲೇ ಹಿಂದಿರುಗುವುದುಂಟು. ಅದನ್ನು ದಾಟಿದರೆ, ವಿಷಯ ಬಲ್ಲ ಇಬ್ಬರು ಮೂವರು ಪರಿಶೀಲಕರಿಗೆ ಹೋಗುತ್ತದೆ. ಅವರು ಸಾಮಾನ್ಯವಾಗಿ ಸಂಭಾವನೆಯಿಲ್ಲದೆ, ತಮ್ಮ ಒಪಿಡಿ, ಪಾಠಗಳ ನಡುವೆ ಬಿಡುವು ಮಾಡಿಕೊಂಡು ಓದುವವರಾದ್ದರಿಂದ ತಿಂಗಳುಗಳು ಹಿಡಿಯುವುದು ಸಹಜ.

ತಿದ್ದುಪಡಿ ಕೇಳಿ ಬಂದ ಪತ್ರವನ್ನು ತಿರಸ್ಕಾರವೆಂದು ತಿಳಿಯಬೇಡಿ. ನನ್ನದೇ ಒಂದು ಪ್ರಬಂಧದಲ್ಲಿ 120 ರೋಗಿಗಳೆಂದು ಬರೆದಿದ್ದರೂ ಕೋಷ್ಟಕದ ಮೊತ್ತ 118 ಇತ್ತು. ಮೂವರು ಸಹಲೇಖಕರ ಕಣ್ಣಿಗೆ ಬೀಳದ್ದು (ಹೇಳಿಕೊಳ್ಳಲು ನಾಚಿಕೆ) ಪರಿಶೀಲಕರ ಕಣ್ಣಿಗೆ ಬಿತ್ತು. ಪ್ರತಿ ಆಕ್ಷೇಪಕ್ಕೂ ಪುಟ, ಸಾಲಿನ ಸಂಖ್ಯೆ ಸಹಿತ ಉತ್ತರಿಸಿ. ಒಪ್ಪದಿದ್ದರೆ ಕಾರಣ ಕೊಡಿ, ಏಕೆಂದರೆ ಪರಿಶೀಲಕರದು ಸಲಹೆ ಮಾತ್ರ, ತೀರ್ಮಾನ ಸಂಪಾದಕರದು. ಮೂಲ ದತ್ತಾಂಶವನ್ನು ಜೋಪಾನವಾಗಿಡಿ: ಅದನ್ನು ತೋರಿಸಲಾಗದೆ 2020ರಲ್ಲಿ ಹೆಸರಾಂತ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಹೈಡ್ರಾಕ್ಸಿಕ್ಲೋರೋಕ್ವಿನ್ (ಕೋವಿಡ್‌ಗೆ ಬಳಸಿ ನೋಡಿದ ಔಷಧ) ಕುರಿತ ಪ್ರಬಂಧವೇ ಹಿಂತೆಗೆಯಲ್ಪಟ್ಟಿತು.

ಪರಿಶೀಲಕರ ಪತ್ರಗಳು ಗೋಪ್ಯವಾದ್ದರಿಂದ ಗುಂಪಿನಲ್ಲಿ ಹಾಕಬೇಡಿ. ಶನಿವಾರ ಸಂಜೆ 5ಕ್ಕೆ ಬಸವನಗುಡಿಯಲ್ಲಿ ಸೇರುವಾಗ ನಿಮ್ಮ ಸಂದೇಹಗಳನ್ನಷ್ಟೇ ಬರೆದು ತನ್ನಿ.